ಎಂಜಿನ್ ದೀಪ ಆರಿಸಿದವರು

ಜನವರಿ ೮, ಬುಧವಾರ

ಪ್ರೀತಿಯ ಅಮ್ಮನಿಗೆ,

ಹೇಗಿದ್ದೀಯ ಎಂದು ಕೇಳುವುದಕ್ಕೇ ಮುಜುಗರವಾಗುತ್ತಿದೆ. ಎರಡು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಮೆಸೇಜು ಕಳಿಸಿದರೆ ‘ಚೆನ್ನಾಗಿದ್ದೇನೆ’ ಎಂಬ ಒಂದೇ ಪದ, ಅದೂ ಮರುದಿನ. ಮುನಿಸಿಕೊಂಡವರ ಬೆನ್ನು ಬೀಳಬಾರದು ಎಂದು ನಾನೂ ಸುಮ್ಮನಾದೆ. ಈಗ ನಾನು ಕೆಲಸ ಮಾಡುವ ಗ್ಯಾರೇಜಿಗೆ ಒಂದು ಕಾರು ಬಂದಿದೆ. ಅದರ ಮುಂದೆ ಸೋತು ಕೂತಿದ್ದೇನೆ. ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ?

ಹದಿನೇಳು ವರ್ಷದ ಪೆಟ್ರೋಲ್ ಕಾರು. ಮಾಲೀಕರು ಒಬ್ಬ ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತರಾಗಿ ಐದು ವರ್ಷವಾಗಿದ್ದರೂ ದಿನಕ್ಕೆ ಎಂಟು ಹತ್ತು ಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ, ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಾರೆ. ಹಿಂದಿನ ಸೀಟಿನ ತುಂಬ ಹತ್ತಿ, ಬ್ಯಾಂಡೇಜು, ಔಷಧದ ವಾಸನೆ. ಗೇರ್ ಹಾಕುವಾಗ ‘ಹೂಂ, ನಡಿ ತಾಯಿ’ ಎಂದು ಕಾರಿಗೆ ಹೇಳುತ್ತಾರೆ. ನಡೆಯುತ್ತದೆ ಕೂಡ.

ಎರಡು ತಿಂಗಳ ಹಿಂದೆ ಅದರ ಎಂಜಿನ್ ದೀಪ ಹತ್ತಿತು. ಮೊದಲು ಯಾರೋ ಸ್ಕ್ಯಾನರ್ ಹಾಕಿ, ಕೋಡ್ ಅಳಿಸಿ, ದೀಪ ಆರಿಸಿ ಕಳಿಸಿದರು. ಮೂರನೇ ದಿನಕ್ಕೆ ಮತ್ತೆ ಹತ್ತಿತು. ಇನ್ನೊಂದು ಕಡೆ ಆಕ್ಸಿಜನ್ ಸೆನ್ಸರ್ ಬದಲಿಸಿದರು. ಒಂದು ವಾರ ಆರಾಮ, ಎಂಟನೇ ದಿನ ಮತ್ತದೇ ಹಳದಿ ದೀಪ. ಮತ್ತೊಬ್ಬರು, ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿಯೇ ಕೆಟ್ಟಿದೆ, ಇಷ್ಟು ಹಳೇ ಕಾರಿಗೆ ಅದನ್ನು ಹಾಕಿಸುವ ಬದಲು ಗುಜರಿಗೆ ಕೊಡಿ ಅಂದರಂತೆ. ಇಪ್ಪತ್ತೆರಡಕ್ಕೆ ಹೊಗೆ ತಪಾಸಣೆ ಇದೆ. ದೀಪ ಹತ್ತಿಕೊಂಡಿದ್ದರೆ ಪಾಸಾಗುವುದಿಲ್ಲ, ಕಾರು ರಸ್ತೆಗೆ ಇಳಿಯುವ ಹಾಗಿಲ್ಲ. ಆ ಹಾಸಿಗೆ ಹಿಡಿದವರ ಮನೆಗಳಿಗೆ ಬಸ್ಸೂ ಹೋಗುವುದಿಲ್ಲ.

ನಮ್ಮ ಗ್ಯಾರೇಜಿನ ಯಜಮಾನರು ಕೀ ನನ್ನ ಕೈಗಿಟ್ಟು, ‘ಇದು ನಿನ್ನ ಕಾರು. ಇಪ್ಪತ್ತೊಂದರೊಳಗೆ ಆದ್ರೆ ಆಯ್ತು, ಇಲ್ಲಾಂದ್ರೆ ಗುಜರಿ ಅಂಗಡಿ ದಾರಿ ನಾನೇ ತೋರಿಸ್ತೀನಿ’ ಅಂದರು. ಇಲ್ಲಿ ಸೇರಿದ ಮೇಲೆ ಒಬ್ಬಳಿಗೇ ಎಂದು ಒಪ್ಪಿಸಿದ ಮೊದಲ ಗಾಡಿ.

ಕೋಡ್ ಹೇಳುವುದು ಇಷ್ಟು: ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಕಾರು ನಿಂತಿದ್ದು ಎಂಜಿನ್ ಓಡುತ್ತಿರುವಾಗ ಕಂಪ್ಯೂಟರ್ ಸುಮಾರು ಕಾಲು ಭಾಗ ಹೆಚ್ಚು ಪೆಟ್ರೋಲ್ ಸುರಿದು ಸರಿದೂಗಿಸಲು ಒದ್ದಾಡುತ್ತದೆ. ಆಕ್ಸಿಲರೇಟರ್ ಒತ್ತಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಅಂದರೆ ಎಲ್ಲೋ ಕಳ್ಳ ಗಾಳಿ ನುಗ್ಗುತ್ತಿದೆ. ಬಾನೆಟ್ ಎತ್ತಿ ಒಂದೊಂದು ಪೈಪಿನ ಮೇಲೂ ಸ್ಪ್ರೇ ಹೊಡೆದು ನೋಡಿದೆ. ಬಿರುಕಿದ್ದರೆ ಎಂಜಿನ್ ಅದನ್ನು ಹೀರಿಕೊಂಡು ತಾಳ ಬದಲಿಸಬೇಕು. ಬದಲಿಸಲಿಲ್ಲ. ಪೆಟ್ರೋಲ್ ಪಂಪು ಸರಿಯಾಗಿದೆ. ಫಿಲ್ಟರು ಹೊಸದು.

‘ಡಬ್ಬಿ ನೋಡಿ ರಿಪೇರಿ ಮಾಡೋಳಿಗೆ ನನ್ನ ಗ್ಯಾರೇಜು ಯಾಕೆ’ ಎಂದು ನನ್ನ ಸ್ಕ್ಯಾನರನ್ನು ಆಚೆ ತಳ್ಳಿದ್ದೆಯಲ್ಲ, ಈಗ ನಗಬೇಕೆನಿಸಿದರೆ ನಗು. ಆ ಮಾತಾಡಿ ತಿಂಗಳಿಗೆ ಗ್ಯಾರೇಜನ್ನೇ ಮಾರಿಬಿಟ್ಟೆ. ನನಗೆ ಕೊಡುವುದಕ್ಕಿಂತ ಮುಚ್ಚುವುದೇ ಮೇಲೆನಿಸಿತು ನಿನಗೆ. ಇರಲಿ, ಅದನ್ನು ಇಲ್ಲಿ ಕೆದಕುವುದಿಲ್ಲ. ಕಾರಿನ ಬಗ್ಗೆ ಮಾತ್ರ ಹೇಳು.

ಇಂತಿ,
ನಿನ್ನ ಮಗಳು

ತಾ.ಕ.: ಫೋನ್ ಎತ್ತಿದರೆ ಇನ್ನೂ ಒಳ್ಳೆಯದು. ಎಂಜಿನ್ ಹತ್ತಿರ ಹಿಡಿಯುತ್ತೇನೆ, ನೀನು ಕೇಳಿ ಹೇಳು. ಮೂರು ಮನೆ ಆಚೆ ಹೋಗುವ ಕಾರಿನ ಕಾಯಿಲೆಯನ್ನೂ ಕೂತಲ್ಲೇ ಹೇಳುತ್ತಿದ್ದವಳಲ್ಲವೇ ನೀನು?


ಜನವರಿ ೧೧, ಶನಿವಾರ

ಕುಳ್ಳಿಗೆ,

ಕಾಗದ ಬಂತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ. ಬಾಡಿಗೆಗೆ ಹಿಡಿದ ಎರಡು ಕೋಣೆ ಒಬ್ಬಳಿಗೆ ಧಾರಾಳ. ಬೆಳಕು ಚೆನ್ನಾಗಿ ಬರುತ್ತದೆ.

ಫೋನಿನಲ್ಲಿ ಎಂಜಿನ್ ಕೇಳಿಸುವ ಆಟವೆಲ್ಲ ಬೇಡ. ಬರೆದು ಕೇಳು, ಬರೆದು ಹೇಳುತ್ತೇನೆ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎರಡು ಪುಟ ಕಾರಿನ ಬಗ್ಗೆ ಇದೆ. ಸ್ಕ್ಯಾನರ್ ಏನಂದಿತು, ನೀನು ಏನು ಮಾಡಿದೆ, ಬೇರೆ ಗ್ಯಾರೇಜಿನವರು ಏನು ಮಾಡಿದರು, ಎಲ್ಲ ಇದೆ. ಆ ನರ್ಸಮ್ಮ ಏನಂದರು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ದಿನಾ ಅದರೊಳಗೆ ಕೂರುವವರು ಅವರು. ನೀನು ಕಾರನ್ನು ಕೇಳಿದ್ದು ಸಾಕು, ಅವರನ್ನು ಕೇಳು. ಅವಸರ ಮಾಡಬೇಡ. ಕೂರಿಸಿ, ಕುಡಿಯಲು ಏನಾದರೂ ಕೊಟ್ಟು ಕೇಳು. ಅವರು ಬೇರೆ ಏನೋ ಹೇಳಲು ಶುರು ಮಾಡಿದರೆ ತಡೆಯಬೇಡ. ಜನ ನಮಗೆ ಬೇಕಾದ ಮಾತನ್ನು ಬೇಡದ ಮಾತಿನ ನಡುವೆ ಇಟ್ಟು ಹೇಳುತ್ತಾರೆ.

ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಸೂರಿನಡಿಯೋ ಬಯಲಲ್ಲೋ? ಸ್ಟಾರ್ಟ್ ಮಾಡಿದ ಮೊದಲ ಹತ್ತು ನಿಮಿಷ ಹೇಗಿರುತ್ತದೆ? ಕೈಗೆ, ಕಾಲಿಗೆ ಏನಾದರೂ ಬೇರೆ ಥರ ಅನಿಸುತ್ತದೆಯೇ? ನೀನು ಅದನ್ನು ಯಾವಾಗ ನೋಡುತ್ತಿದ್ದೀಯ, ಅವರು ಊರೆಲ್ಲ ಸುತ್ತಿ ತಂದು ನಿಲ್ಲಿಸಿದ ಮೇಲೆ ತಾನೇ?

ಇನ್ನೊಂದು. ದೀಪ ಹತ್ತಿದ ಗಳಿಗೆಯಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಕಾರು ಓಡುತ್ತಿತ್ತೋ ನಿಂತಿತ್ತೋ ಎಂಬುದನ್ನೆಲ್ಲ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದಲ್ಲ, ನಿನ್ನ ಡಬ್ಬಿಯಲ್ಲಿ ಅದನ್ನು ತೆರೆದು ನೋಡಿದೆಯಾ?

ಕೈಗೆ ಎಣ್ಣೆ ಹಚ್ಚಿಕೋ. ಚಳಿಗೆ ನಿನ್ನ ಬೆರಳು ಒಡೆಯುತ್ತವೆ.

ಅಮ್ಮ

ತಾ.ಕ.: ನಿನ್ನ ಮೇಲೆ ನನಗೆ ಮುನಿಸಿಲ್ಲ. ಎಂದೂ ಇರಲಿಲ್ಲ.


ಜನವರಿ ೧೪, ಮಂಗಳವಾರ

ಪ್ರೀತಿಯ ಅಮ್ಮನಿಗೆ,

ಮುನಿಸಿಲ್ಲ ಎಂದು ಒಂದು ಸಾಲು ಬರೆದು ಮುಗಿಸಿದ್ದೀಯ. ಹಾಗಾದರೆ ಎರಡು ವರ್ಷ ಫೋನ್ ಎತ್ತದೆ ಇದ್ದದ್ದು ಯಾಕೆ? ಉತ್ತರ ಬರೆಯುವುದಿಲ್ಲ ಎಂದು ಗೊತ್ತು. ಆದರೂ ಕೇಳಿದ್ದೇನೆ. ದೀಪ ಹತ್ತಿದಾಗಿನ ವಿವರ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ ಎಂಬುದು ನಿನಗೆ ಹೇಗೆ ಗೊತ್ತಾಯಿತು? ಸ್ಕ್ಯಾನರನ್ನು ಕಂಡರೆ ಕಸಬರಿಗೆ ಕಂಡ ಹಾಗೆ ನೋಡುತ್ತಿದ್ದವಳು ನೀನು!

ತೆರೆದು ನೋಡಿದೆ. ದೀಪ ಹತ್ತಿದಾಗ ಎಂಜಿನ್ ಶಾಖ ಹನ್ನೊಂದು ಡಿಗ್ರಿ. ಕಾರು ನಿಂತಲ್ಲೇ ನಿಂತಿತ್ತು. ಅಂದರೆ ಬೆಳಿಗ್ಗೆ ಎದ್ದು ಕೀ ತಿರುಗಿಸಿದ ತಕ್ಷಣದ ಕಾಯಿಲೆ. ನನ್ನ ಹತ್ತಿರ ಬರುವ ಹೊತ್ತಿಗೆ ಎಂಜಿನ್ ಕಾದು, ಬಿರುಕು ಯಾವುದಾದರೂ ಇದ್ದರೂ ರಬ್ಬರು ಹಿಗ್ಗಿ ಮುಚ್ಚಿಕೊಂಡಿರುತ್ತದೆ. ನಾನು ಎಲ್ಲ ಗೊತ್ತಿದ್ದವಳ ಹಾಗೆ ಬಿಸಿ ಎಂಜಿನ್ನಿಗೆ ಸ್ಪ್ರೇ ಹೊಡೆಯುತ್ತಿದ್ದೆ.

ನರ್ಸಮ್ಮನನ್ನು ಕೂರಿಸಿ ಕೇಳಿದೆ. ಚಹಾ ಕೊಟ್ಟೆ. ಬೆಂಚಿನ ಮೇಲೆ ಚೀಲವನ್ನು ತೊಡೆಯಲ್ಲಿಟ್ಟುಕೊಂಡು ಮೊದಲು ಇಪ್ಪತ್ತು ನಿಮಿಷ ತಮ್ಮ ರೋಗಿಗಳ ಕಥೆ ಹೇಳಿದರು. ಒಬ್ಬ ಮುದುಕರಿಗೆ ಇವರು ಬಂದರೆ ಮಾತ್ರ ಹಸಿವಾಗುತ್ತದಂತೆ. ಇನ್ನೊಬ್ಬರು ಪ್ರತಿದಿನವೂ ಇವರನ್ನು ಹೊಸಬರೆಂದು ತಿಳಿದು ಹೆಸರು ಕೇಳುತ್ತಾರಂತೆ. ನೀನು ಹೇಳಿದ ಹಾಗೆ ತಡೆಯಲಿಲ್ಲ. ಆಮೇಲೆ ಕಾರಿಗೆ ಬಂದರು. ಮನೆ ಗುಡ್ಡದ ತುದಿಯಲ್ಲಿದೆ, ಕಾರು ಬಯಲಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ ಸ್ವಲ್ಪ ಏದುಸಿರು ಬಿಡುತ್ತದೆ, ಎರಡು ಮೂರು ಸಲ ಆಫ್ ಆಗಿದ್ದೂ ಉಂಟು. ಕೈಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಕಾಲಿಗೆ ಎಂದು ಕೇಳಿದಾಗ ನಕ್ಕುಬಿಟ್ಟರು.

‘ಬೆಳಿಗ್ಗೆ ಹೊತ್ತು ಬ್ರೇಕ್ ಕಲ್ಲಿನ ಹಾಗಿರತ್ತಮ್ಮ. ಅದು ಕಾರಿನ ತಪ್ಪಲ್ಲ ಬಿಡು, ನನ್ನ ಮಂಡೀದು. ಅರವತ್ತೈದಾಯ್ತಲ್ಲ. ಇಳಿಜಾರಲ್ಲಿ ಎರಡೂ ಕಾಲಿಟ್ಟು ಒತ್ತಬೇಕು. ಹತ್ತು ನಿಮಿಷ ಓಡಿಸಿದ್ಮೇಲೆ ಮಂಡಿ ಸಡಿಲ ಆಗತ್ತೆ, ಆಮೇಲೆ ಏನೂ ತೊಂದ್ರೆ ಇಲ್ಲ’ ಅಂದರು.

ಇಪ್ಪತ್ತನೇ ತಾರೀಖು ಸೋಮವಾರ ಸಂಜೆ ಕಾರನ್ನು ಇಲ್ಲೇ ಬಿಟ್ಟು ಹೋಗುತ್ತಾರೆ. ಮರುದಿನ ಬೆಳಿಗ್ಗೆ ತಣ್ಣಗಿರುವಾಗಲೇ ನೋಡುತ್ತೇನೆ. ಅಲ್ಲಿಯವರೆಗೆ ಓಡಿಸುತ್ತಿರಲಿ, ರೋಗಿಗಳನ್ನು ಬಿಡುವ ಹಾಗಿಲ್ಲವಂತೆ.

ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ.

ನಿನ್ನ ಮಗಳು


ಜನವರಿ ೧೬, ಗುರುವಾರ, ಮಧ್ಯಾಹ್ನ

ಕುಳ್ಳಿ,

ಮೆಸೇಜನ್ನು ನೀನು ಯಾವಾಗ ನೋಡುತ್ತೀಯೋ ಎಂದು ಫೋನೇ ಮಾಡಿದೆ, ಈಗ ತಾನೇ ಇಟ್ಟೆ. ಎತ್ತಿದ್ದು ನೀನೋ ನಿನ್ನ ಗ್ಯಾರೇಜಿನ ಯಜಮಾನರೋ ಗೊತ್ತಿಲ್ಲ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದವು, ಯಾರೋ ಎತ್ತಿದ್ದಾರೆ ಎಂದು ಅದರಿಂದ ತಿಳಿಯಿತು. ಮೂರು ಸಲ ಅದೇ ಮಾತು ಹೇಳಿದೆ: ನರ್ಸಮ್ಮನ ಕಾರು ಇನ್ನು ಒಂದು ಅಡಿಯೂ ಇಳಿಜಾರು ಇಳಿಯಬಾರದು, ಬ್ರೇಕಿಗೆ ಹೋಗುವ ವ್ಯಾಕ್ಯೂಮ್ ಪೈಪು ನೋಡು. ಆ ಕಡೆಯವರು ಏನೋ ಹೇಳುತ್ತಿದ್ದಿರಬೇಕು. ಮುಚ್ಚಿದ ಕಿಟಕಿಯಾಚೆ ನೊಣ ಹಾರಿದಷ್ಟು ಕೇಳಿಸಿತು.

ನನಗೆ ಕಿವಿ ಕೇಳುವುದಿಲ್ಲ. ಬರೆದುಬಿಟ್ಟೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಫೋನಿನಲ್ಲಿ ಹೇಳಿದ್ದು ಸರಿಯಾಗಿ ತಲುಪಿತೋ ಇಲ್ಲವೋ, ಮತ್ತೆ ಬರೆಯುತ್ತೇನೆ. ಎಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ಐದಾರು ಸಲ ಒತ್ತು, ಕಲ್ಲಿನ ಹಾಗಾಗುತ್ತದೆ. ಹಾಗೇ ಕಾಲಿಟ್ಟುಕೊಂಡು ಸ್ಟಾರ್ಟ್ ಮಾಡು. ಪೆಡಲು ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಬ್ರೇಕಿಗೆ ಎಂಜಿನ್ನಿನ ಸಹಾಯ ಸಿಗುತ್ತಿಲ್ಲ, ಎಲ್ಲವನ್ನೂ ಆ ಹೆಂಗಸಿನ ಕಾಲೇ ಮಾಡುತ್ತಿದೆ ಎಂದರ್ಥ. ಅದು ಅವರ ಮಂಡಿಯಲ್ಲ, ಕುಳ್ಳಿ. ಎಂಜಿನ್ನಿನ ಹಿಂಬದಿಯಿಂದ ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೆ ಹೋಗುವ ದಪ್ಪ ರಬ್ಬರು ಪೈಪು ಒಡೆದಿದೆ. ಕಳ್ಳ ಗಾಳಿ ನುಗ್ಗುವುದೂ ಅಲ್ಲೇ, ದೀಪ ಹತ್ತುವುದೂ ಅದರಿಂದಲೇ. ಹತ್ತಿರ ಹೋದರೆ ‘ಸ್ಸ್’ ಎಂಬ ಸಣ್ಣ ಸದ್ದು ಬರುತ್ತದೆ. ನಿನಗೆ ಕೇಳಿಸುತ್ತದೆ.

ನನಗೆ ಮೊದಲು ಹೋದದ್ದು ಆ ಥರದ ಸಣ್ಣ ಸದ್ದುಗಳೇ. ಮೂವತ್ತು ವರ್ಷ ಸುತ್ತಿಗೆ, ಗ್ರೈಂಡರು. ಕಿವಿಗೆ ಹತ್ತಿ ಕೂಡ ಇಟ್ಟುಕೊಂಡವಳಲ್ಲ ನಾನು. ಎಂಜಿನ್ನಿನ ಗುಡುಗು ಕೇಳುತ್ತಿತ್ತು, ಜನರ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದೆ. ಹಾಗಾಗಿ ಎಲ್ಲ ಸರಿ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಿವಿಯಿಂದಲೇ ಹೆಸರು ಮಾಡಿದವಳು ಕಿವಿ ಹೋಯಿತೆಂದು ಯಾವ ಬಾಯಲ್ಲಿ ಹೇಳಲಿ? ಆಗಲೇ ನೀನು ಸ್ಕ್ಯಾನರ್ ತಂದೆ. ಕೇಳಿಸಿಕೊಳ್ಳದೆಯೇ ಕಾಯಿಲೆ ಹೇಳುವ ಡಬ್ಬಿ. ನನಗೆ ಬೇಕಾದದ್ದೇ ಅದು. ಅದನ್ನು ಕಂಡು ನನಗೆ ಭಯವಾಯಿತು, ನೀನು ತಿಳಿದುಬಿಟ್ಟೆಯೇನೋ ಎಂದು. ಅದಕ್ಕೇ ಆ ಕೆಟ್ಟ ಮಾತು ಆಡಿದೆ. ನೀನು ಹೋದ ಮೇಲೆ ಅದರ ಪುಸ್ತಕವನ್ನು ಹಾಳೆ ಹಾಳೆ ಓದಿದೆ.

ಗ್ಯಾರೇಜು ಮುಚ್ಚಿದ್ದು ನಿನ್ನಿಂದಲ್ಲ. ನಮ್ಮ ಬೀದಿಯ ಟೈಲರಣ್ಣ ಗೋಡೆಗೆ ಕಾರು ಗುದ್ದಿದ್ದು ನೆನಪಿದೆಯಲ್ಲ? ಪಕ್ಕದಲ್ಲಿದ್ದ ಅವನ ಹೆಂಡತಿಯ ಮಣಿಕಟ್ಟು ಮುರಿಯಿತು. ಬ್ರೇಕ್ ಒತ್ತಲು ಅವನು ತಡ ಮಾಡಿದ ಎಂದು ಎಲ್ಲರೂ ಅಂದರು. ಅವನೂ ಹಾಗೇ ಅಂದುಕೊಂಡ. ಅದಕ್ಕೆ ಮೂರು ದಿನ ಮೊದಲು ಅವನು ನನ್ನ ಹತ್ತಿರ ಬಂದಿದ್ದ. ‘ಅಕ್ಕಾ, ಬ್ರೇಕ್ ಯಾಕೋ ಬಿಗಿ ಅನ್ಸತ್ತೆ, ಒಂಚೂರು ನೋಡಿ’ ಅಂದ. ನೀನು ಅವತ್ತು ಸಾಮಾನು ತರಲು ಹೋಗಿದ್ದೆ. ನಾನು ಬಾನೆಟ್ ಎತ್ತಿ, ತಲೆ ಬಗ್ಗಿಸಿ, ಕಿವಿಗೊಟ್ಟು ನಿಂತೆ. ಏನೂ ಕೇಳಿಸಲಿಲ್ಲ. ‘ಏನಿಲ್ಲ ಕಣಪ್ಪ, ಹೋಗು’ ಅಂದೆ.

ಗುದ್ದಿದ ಕಾರನ್ನು ನಮ್ಮ ಅಂಗಳಕ್ಕೇ ಎಳೆದು ತಂದರು. ಎಲ್ಲ ಹೋದ ಮೇಲೆ ಸ್ಟಾರ್ಟ್ ಮಾಡಿ, ಆ ಪೈಪಿನ ಕೆಳಗೆ ಬೆರಳಾಡಿಸಿದೆ. ಗಾಳಿ ನನ್ನ ಬೆರಳನ್ನು ಎಳೆದುಕೊಂಡಿತು. ಅಷ್ಟು ಜೋರಾಗಿ ಹೀರುತ್ತಿದ್ದ ಬಿರುಕು ನನಗೆ ಕೇಳಿಸಿರಲಿಲ್ಲ. ಪೈಪು ಬಿಚ್ಚಿ ಚರಂಡಿಗೆ ಎಸೆದೆ. ಬೇರೆ ಪೈಪು ಹಾಕಿದೆ. ಯಾರಿಗೂ ಹೇಳಲಿಲ್ಲ. ಇನ್ನು ಈ ಕೈ ಯಾರ ಗಾಡಿಯನ್ನೂ ಮುಟ್ಟಬಾರದು ಎಂದು ತಿಂಗಳೊಳಗೆ ಮಾರಿದೆ. ನಿನಗೆ ಕೊಟ್ಟಿದ್ದರೆ ನೀನು ಒಂದು ದಿನ ಕಾರಣ ಕೇಳುತ್ತಿದ್ದೆ.

ನೀನು ಏನೆಂದುಕೊಂಡರೂ ಸರಿ. ಆ ನರ್ಸಮ್ಮನನ್ನು ಮಾತ್ರ ಗುಡ್ಡ ಇಳಿಯಲು ಬಿಡಬೇಡ.

ಅಮ್ಮ

ತಾ.ಕ.: ಪೈಪಿನ ಕೆಳಭಾಗ ತಡವಿ ನೋಡು. ಮೇಲಿನಿಂದ ಹೊಸದರ ಹಾಗೇ ಕಾಣುತ್ತದೆ.


ಜನವರಿ ೨೨, ಬುಧವಾರ

ನನ್ನ ಅಮ್ಮನಿಗೆ,

ಕಾರು ಪಾಸಾಯಿತು. ಮೊದಲು ಅದನ್ನು ಹೇಳಿಬಿಡುತ್ತೇನೆ, ನೀನು ಕಾಯುತ್ತಿರುತ್ತೀಯ.

ಫೋನ್ ಎತ್ತಿದ್ದು ನಾನೇ. ಎರಡು ವರ್ಷದ ಮೇಲೆ ನಿನ್ನ ದನಿ. ‘ಅಮ್ಮಾ, ಅಮ್ಮಾ’ ಎಂದು ಕೂಗುತ್ತಲೇ ಇದ್ದೆ, ನೀನು ನಿನ್ನ ಪಾಡಿಗೆ ಮೂರು ಸಲ ಹೇಳಿ ಇಟ್ಟುಬಿಟ್ಟೆ. ಒಂದು ಕ್ಷಣ ಎಷ್ಟು ಸಿಟ್ಟು ಬಂತೆಂದರೆ, ಕೈಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಡಿದೆ. ಆಮೇಲೆ ಮಾತು ತಲೆಗೆ ಹತ್ತಿತು. ನರ್ಸಮ್ಮನಿಗೆ ಫೋನ್ ಮಾಡಿದೆ. ಎರಡನೇ ಮನೆಯಲ್ಲಿ ಯಾರಿಗೋ ಪಟ್ಟಿ ಕಟ್ಟುತ್ತಿದ್ದರು. ‘ಅಲ್ಲೇ ಇರಿ, ಕಾರು ಮುಟ್ಟಬೇಡಿ’ ಅಂದೆ. ‘ಯಾಕಮ್ಮ, ಬಾಂಬಿಟ್ಟಿದ್ದಾರಾ?’ ಅಂದರು. ಯಜಮಾನರ ಗಾಡಿಯಲ್ಲಿ ಹೋಗಿ ಕಾರನ್ನು ಕಟ್ಟಿ ಎಳೆದು ತಂದೆವು. ರಾತ್ರಿಯೆಲ್ಲ ಅದು ನಮ್ಮ ಅಂಗಳದಲ್ಲಿ ತಣ್ಣಗೆ ನಿಂತಿತ್ತು.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ನೀನು ಫೋನಿನಲ್ಲಿ ಹೇಳಿದ ಪೈಪಿಗೇ ಕೈ ಹಾಕಿದೆ. ಮೇಲೆ ಹೊಳೆಯುತ್ತಿತ್ತು. ಕೆಳಗೆ, ಬಾಗಿದ ಕಡೆ, ಉಗುರಿನುದ್ದ ಬಿರುಕು. ಸ್ಟಾರ್ಟ್ ಮಾಡಿದಾಗ ‘ಸ್ಸ್’ ಎಂದಿತು. ಕೇಳಿಸಿತು ನನಗೆ. ಯಜಮಾನರನ್ನು ಕರೆದು ಅವರಿಗೂ ಕೇಳಿಸಿದೆ. ಹತ್ತು ನಿಮಿಷಕ್ಕೆ ಎಂಜಿನ್ ಕಾಯುತ್ತಾ ಬಂದ ಹಾಗೆ ಸದ್ದು ಸಣ್ಣಗಾಗಿ ನಿಂತೇಹೋಯಿತು. ಹೊಸ ಪೈಪು ಹಾಕಿ ನಾಲ್ಕು ದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನನ್ನೇ ಓಡಿಸಿ ನೋಡಿದೆವು. ಪೆಟ್ರೋಲಿನ ಲೆಕ್ಕ ಸರಿಹೋಯಿತು, ದೀಪ ತಾನಾಗಿ ಆರಿತು, ಮತ್ತೆ ಹತ್ತಲಿಲ್ಲ. ಅಷ್ಟು ದಿನ ಯಜಮಾನರೇ ನರ್ಸಮ್ಮನನ್ನು ಮನೆ ಮನೆಗೆ ಕರೆದುಕೊಂಡು ಹೋದರು. ದಿನಾ ಹೆಸರು ಕೇಳುವ ಆ ಅಜ್ಜಿ ಯಜಮಾನರನ್ನೂ ಹೆಸರು ಕೇಳಿದರಂತೆ.

ಕಾರು ಕೊಡುವಾಗ ನರ್ಸಮ್ಮ ಬ್ರೇಕ್ ಒತ್ತಿ ನೋಡಿ, ‘ಹಾಗಾದ್ರೆ ನನ್ನ ಮಂಡಿ ಚೆನ್ನಾಗಿದೆಯಾ?’ ಎಂದು ಕೇಳಿದರು. ಚೆನ್ನಾಗಿದೆ ಅಂದೆ. ಅವರಿಗೆ ಅಳು ಬಂತು, ನಗುವೂ ಬಂತು. ಎರಡು ತಿಂಗಳಿಂದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರಂತೆ.

ನಿನ್ನ ಕಾಗದ ಶನಿವಾರ ಬಂತು. ಅವರ ಕಾರಿನಲ್ಲೇ ಕೂತು, ಬಾಗಿಲು ಹಾಕಿಕೊಂಡು ಓದಿದೆ. ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ ಅಮ್ಮ. ಮೊದಲು ಯಾರೋ ಕೋಡ್ ಅಳಿಸಿ ಕಳಿಸಿದರು ಎಂದು ಬರೆದಿದ್ದೆನಲ್ಲ, ಆ ಯಾರೋ ನಾನೇ. ಎರಡು ತಿಂಗಳ ಹಿಂದೆ ಒಂದು ಸಂಜೆ, ಮನೆಗೆ ಹೊರಟಿದ್ದೆ. ಎರಡು ಗುಂಡಿ ಒತ್ತಿ ದೀಪ ಆರಿಸಿ, ‘ಆಯ್ತು ಹೋಗಿ’ ಅಂದೆ. ಅವರು ನನ್ನನ್ನು ಹರಸಿ ಹೋದರು. ಆಮೇಲೆ ಎರಡು ತಿಂಗಳು ದಿನಾ ಆ ಗುಡ್ಡ ಇಳಿದರು. ಏನೂ ಆಗಲಿಲ್ಲ. ಆಗದೆ ಇದ್ದದ್ದು ನನ್ನ ಜಾಣತನದಿಂದಲ್ಲ. ಟೈಲರಣ್ಣನ ಹೆಂಡತಿಗೆ ಆದದ್ದು ಇವರಿಗೂ ಆಗಬಹುದಿತ್ತು.

ಅವತ್ತು ಏನೂ ನೋಡದೆ ದೀಪ ಮಾತ್ರ ಆರಿಸಿದ್ದೆ ಎಂದು ಸೋಮವಾರ ಯಜಮಾನರಿಗೂ ನರ್ಸಮ್ಮನಿಗೂ ಎದುರಿಗೇ ನಿಂತು ಹೇಳಿದೆ. ಯಜಮಾನರು ಬಹಳ ಹೊತ್ತು ಬೈದರು. ನರ್ಸಮ್ಮ ಬೈಯಲಿಲ್ಲ. ‘ಇನ್ಮೇಲೆ ಯಾರನ್ನೂ ಹಾಗೆ ಕಳಿಸ್ಬೇಡ’ ಎಂದಷ್ಟೇ ಅಂದು ಹೋದರು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತು. ಆದರೆ ಅವತ್ತು ಮೂರು ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಟೈಲರಣ್ಣ ಆಮೇಲೆ ಸ್ಟಿಯರಿಂಗ್ ಮುಟ್ಟಿಲ್ಲವೆಂದು ಕೇಳಿದ್ದೇನೆ, ಅಷ್ಟೇ. ಕಿವಿಯ ಡಾಕ್ಟರ ಹತ್ತಿರ ಹೋಗುವುದಿದ್ದರೆ ನಾನು ಬರುತ್ತೇನೆ. ಮುಂದಿನ ತಿಂಗಳ ಮೊದಲ ವಾರ ರಜೆ ಕೇಳಿದ್ದೇನೆ. ಬೈದ ಬಾಯಲ್ಲೇ ಕೊಟ್ಟರು.

ನಿನ್ನ
ಕುಳ್ಳಿ

ತಾ.ಕ.: ಎರಡು ವರ್ಷ ನಿನ್ನ ಮೇಲೆ ಹಲ್ಲು ಕಡಿದಿದ್ದೇನೆ. ನೀನು ಕೇಳಿಸಿಕೊಳ್ಳುತ್ತಿಲ್ಲ ಎಂದು ಗೆಳತಿಯರ ಹತ್ತಿರವೆಲ್ಲ ದೂರಿದ್ದೇನೆ. ಕ್ಷಮಿಸು.


ಜನವರಿ ೨೭, ಸೋಮವಾರ

ನನ್ನ ಕುಳ್ಳಿಗೆ,

ಹೋಗಿ ಬಂದೆ.

ಅಂಗಡಿ ಅಲ್ಲೇ ಇದೆ. ಬಾಗಿಲಿನ ಬಣ್ಣ ಬದಲಾಗಿದೆ. ಟೈಲರಣ್ಣ ಯಾರದೋ ಕೋಟಿನ ತೋಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ನನ್ನನ್ನು ಕಂಡು ಎದ್ದು ಸ್ಟೂಲು ಹಾಕಿದ. ‘ಅಕ್ಕ ಬಂದ್ರು, ಅಕ್ಕ ಬಂದ್ರು’ ಎಂದು ಒಳಗೆ ಕೂಗಿದ. ಅವನ ತುಟಿ ನೋಡಿ ತಿಳಿಯಿತು. ಅಷ್ಟು ಸಂತೋಷಪಟ್ಟ ಮುಖಕ್ಕೆ ಆ ಮಾತು ಹೇಳುವುದು ಎಷ್ಟು ಕಷ್ಟ ಎಂದು ನಿನಗೆ ಬರೆದು ತಿಳಿಸಲಾರೆ. ಕೂತರೆ ಹೇಳಲಾಗುವುದಿಲ್ಲವೆಂದು ನಿಂತೇ ಅವನಿಗೆ ಹೇಳಿದೆ: ಬ್ರೇಕ್ ಬಿಗಿ ಎಂದು ನೀನು ಬಂದಿದ್ದೆ. ಪೈಪು ಒಡೆದಿತ್ತು. ನನಗೆ ಕಿವಿ ಕೇಳದೆ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು, ಮುಚ್ಚಿಟ್ಟೆ. ನಿನ್ನ ಕಾಲು ತಡ ಮಾಡಲಿಲ್ಲ.

ಅವನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟ. ಆಮೇಲೆ ಹೆಂಡತಿಯನ್ನು ಕರೆದು, ನನ್ನ ಕಡೆ ತಿರುಗಿ, ‘ಇನ್ನೊಂದ್ಸಲ ಹೇಳಿ ಅಕ್ಕ. ಇವಳ ಮುಂದೆ ಹೇಳಿ’ ಅಂದ. ಇನ್ನೊಂದು ಸಲ ಹೇಳಿದೆ. ಮೊದಲ ಸಲಕ್ಕಿಂತ ಕಷ್ಟವಾಯಿತು.

ಆಕೆ ಅವನು ಹೊಲಿದ ಬಟ್ಟೆಗಳಿಗೆಲ್ಲ ಕೈಯಲ್ಲೇ ಗುಂಡಿಯ ಕಾಜಾ ಹಾಕುತ್ತಿದ್ದವಳು, ನಿನಗೆ ನೆನಪಿರಬೇಕು. ಮಣಿಕಟ್ಟು ಈಗ ಅರ್ಧದಷ್ಟೇ ತಿರುಗುತ್ತದೆ. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನೆದುರು ಬಂದು ನಿಂತಳು. ನಿಧಾನವಾಗಿ, ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. ‘ನನ್ನ ಕೈ ಹೋದ್ರೆ ಹೋಯ್ತು. ಇವರು ಎರಡು ವರ್ಷದಿಂದ ಮೆಟ್ಟಿಲು ಇಳಿಯುವಾಗ್ಲೂ ತಮ್ಮ ಕಾಲೇ ನೋಡ್ಕೊಂಡು ಇಳೀತಾರೆ. ಹೊಲಿಗೆ ಮಿಷಿನ್ ತುಳಿಯುವಾಗ್ಲೂ ನಡುವೆ ನಿಲ್ಸಿ ಕಾಲು ನೋಡ್ಕೋತಾರೆ. ನೀವು ಒಂದು ಮಾತು ಹೇಳಿದ್ರೆ ಸಾಕಿತ್ತು.’

ನಾನು ಹೂಂ ಎಂದೆ. ಕ್ಷಮೆ ಕೇಳಲು ಬಾಯಿ ತೆರೆದೆ, ಅವಳು ಕೈ ಅಡ್ಡ ಮಾಡಿದಳು. ಬೇಡ ಎಂದೋ, ಈಗ ಬೇಡ ಎಂದೋ. ಬೀದಿಗೆ ಇಳಿದ ಮೇಲೆ ಸ್ವಲ್ಪ ದೂರ ಎಲ್ಲಿಗೆ ನಡೆಯುತ್ತಿದ್ದೇನೆ ಎಂಬ ಗೊತ್ತೇ ಇರಲಿಲ್ಲ. ಒಬ್ಬ ಸೈಕಲ್ಲಿನವನು ನನ್ನನ್ನು ಸುತ್ತಿ ಮುಂದೆ ಬಂದು, ಗಂಟೆ ಹೊಡೆದರೂ ಕೇಳಿಸಲಿಲ್ಲವಾ ಎಂದು ಬೈದ. ಇಲ್ಲಪ್ಪ, ನನಗೆ ಕಿವಿ ಕೇಳುವುದಿಲ್ಲ ಎಂದೆ. ಅಪರಿಚಿತರಿಗೆ ಹೇಳಿದ್ದು ಇದೇ ಮೊದಲು. ಅವನು ಸೈಕಲ್ಲಿಂದ ಇಳಿದು ನನ್ನನ್ನು ರಸ್ತೆ ದಾಟಿಸಿದ.

ನೀನು ಬಾ. ಡಾಕ್ಟರ ಹತ್ತಿರ ಹೋಗೋಣ. ಎರಡನೇ ಕೋಣೆಯಲ್ಲಿ ನಿನಗೆ ಹಾಸಿಗೆ ಹಾಕುತ್ತೇನೆ. ಬಾಗಿಲು ತಟ್ಟಿದರೆ ನನಗೆ ತಿಳಿಯುವುದಿಲ್ಲ, ಚಿಲಕ ತೆಗೆದೇ ಇಟ್ಟಿರುತ್ತೇನೆ.

ನಿನ್ನ
ಅಮ್ಮ

ತಾ.ಕ.: ಒಂದು ವಿಷಯ ಬಿಟ್ಟೆ. ಬಿಡಬೇಕೆಂದೇ ಬಿಟ್ಟಿದ್ದೆ, ಲಕೋಟೆ ಅಂಟಿಸುವಾಗ ಮನಸ್ಸು ಒಪ್ಪಲಿಲ್ಲ. ನಾನು ಹೊರಡುವಾಗ ಟೈಲರಣ್ಣ ಏನೋ ಹೇಳಿದ. ಅವನ ಮುಖ ಮಿಷಿನ್ನಿನ ಕಡೆಗಿತ್ತು, ತುಟಿ ಕಾಣಲಿಲ್ಲ. ಉದ್ದವಾದ ಮಾತೇ ಆಗಿರಬೇಕು, ಹೆಗಲು ಬಹಳ ಹೊತ್ತು ಅಲುಗುತ್ತಿತ್ತು. ಇನ್ನೊಮ್ಮೆ ಹೇಳು ಎನ್ನಲು ನನಗೆ ಧೈರ್ಯ ಬರಲಿಲ್ಲ. ಕೇಳಿಸಿದವಳ ಹಾಗೆ ತಲೆಯಾಡಿಸಿ ಬಂದುಬಿಟ್ಟೆ. ಬೈದನೋ, ಬರಬೇಡ ಎಂದನೋ, ಬೇರೇನೋ. ನೀನು ಬಂದಾಗ ಅಲ್ಲಿಗೆ ಇಬ್ಬರೂ ಹೋಗೋಣ. ಅವನು ಏನೇ ಅಂದಿರಲಿ, ನೀನು ಕೇಳಿಸಿಕೊಂಡು ಒಂದಕ್ಷರವೂ ಬಿಡದೆ ನನಗೆ ಬರೆದು ತೋರಿಸು.